ಸೈರನ್ ಕೂಗದ ಸರಕನ್ನು ಹಿಡಿಯುವ ಪಾಠ

ಗಡಿ ಠಾಣೆಗಳ ಮತ್ತು ಬಂದರುಗಳ ಕಸ್ಟಮ್ಸ್ ಅಧಿಕಾರಿಗಳಿಗೆ ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಗುರುತಿಸುವ ತರಬೇತಿ ಕೊಡುವುದು ನನ್ನ ಕೆಲಸ. ತರಗತಿಗೆ ಬರುವವರ ಮನಸ್ಸಿನಲ್ಲಿ ಒಂದು ಚಿತ್ರ ಮೊದಲೇ ಕೂತಿರುತ್ತದೆ: ಹಳದಿ ಎಚ್ಚರಿಕೆ ಚಿಹ್ನೆ ಅಂಟಿಸಿದ ಪೆಟ್ಟಿಗೆ, ಅದರೊಳಗೊಂದು ಬಾಂಬು. ಅಂಥ ಪೆಟ್ಟಿಗೆ ಅವರ ಇಡೀ ಸೇವಾವಧಿಯಲ್ಲಿ ಎದುರಾಗುವ ಸಂಭವ ತೀರಾ ಕಡಿಮೆ. ಎದುರಾಗುವುದು ಬಿಡಿಭಾಗಗಳು. ಪಂಪು, ವಾಲ್ವ್, ಲೋಹದ ಕೊಳವೆ, ರಾಸಾಯನಿಕದ ಡ್ರಮ್ಮು. ನೋಡಲು ಯಾವ ಕಾರ್ಖಾನೆಗೆ ಬೇಕಾದರೂ ಹೋಗಬಹುದಾದ ಸಾಮಾನು.

ಆದ್ದರಿಂದ ಮೊದಲ ದಿನ ಭಾಷಣ ಇಟ್ಟುಕೊಳ್ಳುವುದಿಲ್ಲ. ಉದ್ದನೆಯ ಮೇಜಿನ ಮೇಲೆ ವಸ್ತುಗಳನ್ನು ಹರಡಿ, ಎತ್ತಿ ನೋಡಿ ಎನ್ನುತ್ತೇನೆ. ಅಲ್ಲಿ ಎರಡು ವಾಲ್ವ್‌ಗಳಿರುತ್ತವೆ, ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ, ವಾಲ್ವ್ ತಿರುಗಿಸುವ ಲೋಹದ ದಂಡ ಹೊರಬರುವ ಜಾಗಕ್ಕೆ ಸೋರಿಕೆ ತಡೆಯುವ ಸಾಧಾರಣ ತುಂಬುವಸ್ತು (ಪ್ಯಾಕಿಂಗ್) ಇದೆ. ಇನ್ನೊಂದರಲ್ಲಿ ದಂಡದ ಸುತ್ತ ಮಡಿಕೆ ಮಡಿಕೆಯಾದ ತೆಳು ಲೋಹದ ತೋಳು (ಬೆಲ್ಲೋಸ್) ಇದೆ. ಒಳಗಿನ ಅನಿಲ ಎಳ್ಳಷ್ಟೂ ಸೋರಬಾರದೆಂದು ಮಾಡಿದ್ದು. ಅದರ ಮೈಮೇಲೆ ಅಚ್ಚೊತ್ತಿದ ಅಕ್ಷರಗಳು ನಿಕ್ಕಲ್ ಮಿಶ್ರಲೋಹದ ದರ್ಜೆಯನ್ನು ಹೇಳುತ್ತವೆ. ಯುರೇನಿಯಂ ಸಂವರ್ಧನೆಯಲ್ಲಿ ಬಳಸುವ ಯುರೇನಿಯಂ ಹೆಕ್ಸಾಫ್ಲೋರೈಡ್‌ನಂಥ ಲೋಹ ತಿನ್ನುವ ಅನಿಲವನ್ನು ತಡೆದುಕೊಳ್ಳಲು ಇಂಥದ್ದೇ ಬೇಕು. ಇವನ್ನು ಕೊಳ್ಳುವ ನ್ಯಾಯವಾದ ಕಾರ್ಖಾನೆಗಳೂ ಇವೆ, ನಿಜ. ಆದರೆ ಬಿಲ್ಲಿನಲ್ಲಿ ‘ಕೊಳಾಯಿ ಸಾಮಾನು’ ಎಂದಷ್ಟೇ ಬರೆದು, ಬೆಲೆಯ ಕಲಂನಲ್ಲಿ ಸಾಧಾರಣ ವಾಲ್ವ್‌ನ ಹಲವು ಪಟ್ಟು ಮೊತ್ತ ಕಂಡರೆ ಅಲ್ಲಿ ಕೈ ನಿಲ್ಲಬೇಕು. ಆ ವಾಲ್ವನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದವರು ಅದನ್ನು ಮರೆಯುವುದಿಲ್ಲ. ನೂರು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರೂ ಆ ಫಲ ಸಿಗದು.

2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ ‘ಬಿಬಿಸಿ ಚೈನಾ’ ಹಡಗನ್ನು ಇಟಲಿಯ ಟಾರಂಟೊ ಬಂದರಿಗೆ ತಿರುಗಿಸಿ ತಪಾಸಣೆ ಮಾಡಿದಾಗ ಸಿಕ್ಕಿದ್ದು ಸೆಂಟ್ರಿಫ್ಯೂಜ್‌ಗಳ ಭಾಗಗಳು, ಅಂದರೆ ಅತಿವೇಗವಾಗಿ ತಿರುಗಿ ಯುರೇನಿಯಂ ಅನ್ನು ಸಂವರ್ಧಿಸುವ ಯಂತ್ರಗಳ ಭಾಗಗಳು. ಗುಪ್ತಚರ ಮಾಹಿತಿ ಇದ್ದದ್ದರಿಂದ ಸಿಕ್ಕಿತು. ಜಗತ್ತಿನ ಅತ್ಯುತ್ತಮ ವಿಕಿರಣ ಮಾಪಕದ ಮುಂದೆ ಆ ಕಂಟೇನರುಗಳನ್ನು ಇಟ್ಟಿದ್ದರೂ ಅದು ಸದ್ದು ಮಾಡುತ್ತಿರಲಿಲ್ಲ, ಏಕೆಂದರೆ ಅವು ಬರಿಯ ಲೋಹ. ನನ್ನ ತರಬೇತಿಯ ಅರ್ಧಕ್ಕಿಂತ ಹೆಚ್ಚು ಸಮಯ ಯಂತ್ರಗಳಿಗಲ್ಲ, ಕಾಗದಪತ್ರಗಳಿಗೆ ಹೋಗುವುದು ಇದೇ ಕಾರಣಕ್ಕೆ.

ಅದೇ ವರ್ಷ ದಕ್ಷಿಣ ಆಫ್ರಿಕಾದ ವ್ಯಾಪಾರಿಯೊಬ್ಬ ಅಮೆರಿಕದಿಂದ 200 ಸ್ಪಾರ್ಕ್ ಗ್ಯಾಪ್‌ಗಳನ್ನು (ಕ್ಷಣಾರ್ಧದಲ್ಲಿ ಭಾರಿ ವಿದ್ಯುತ್ ಹರಿಸುವ ಸ್ವಿಚ್ಚುಗಳನ್ನು) ಆಸ್ಪತ್ರೆಗೆಂದು ತರಿಸಲು ಹೊರಟಿದ್ದ. ಮೂತ್ರಪಿಂಡದ ಕಲ್ಲು ಒಡೆಯುವ ಯಂತ್ರದಲ್ಲಿ ಅವು ಬೇಕಾಗುತ್ತವೆ, ಪರಮಾಣು ಬಾಂಬಿನ ಸ್ಫೋಟಕ ವ್ಯವಸ್ಥೆಯಲ್ಲೂ ಬಳಸಬಹುದು. ಅವು ನಿಜವಾಗಿ ಹೋಗಬೇಕಿದ್ದದ್ದು ಪಾಕಿಸ್ತಾನಕ್ಕೆ. ಈ ಪ್ರಕರಣವನ್ನು ಅಧಿಕಾರಿಗಳ ಮುಂದಿಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ: ಒಂದು ಆಸ್ಪತ್ರೆಗೆ ಇಷ್ಟೊಂದು ಯಾಕೆ? ಭೌತಶಾಸ್ತ್ರ ಓದದವರೂ ಕೇಳಬಹುದಾದ ಪ್ರಶ್ನೆ ಇದು. ಕೊಳ್ಳುವವರ ವ್ಯವಹಾರಕ್ಕೂ ಸರಕಿಗೂ, ಸರಕಿಗೂ ಪ್ರಮಾಣಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವ ಅಭ್ಯಾಸ ಅವರಿಗೆ ಮೊದಲೇ ಇರುತ್ತದೆ, ಸುಂಕ ವಂಚನೆ ಹಿಡಿದು ಹಿಡಿದು. ನಾನು ಅದನ್ನು ಬೇರೆಡೆಗೆ ತಿರುಗಿಸುತ್ತೇನೆ, ಅಷ್ಟೆ.

ಯಂತ್ರಗಳನ್ನು ಕಡೆಗಣಿಸುತ್ತೇನೆ ಎಂದಲ್ಲ. ವಿಕಿರಣ ಪತ್ತೆಯ ದ್ವಾರದಲ್ಲಿ ಲಾರಿ ಹಾದುಹೋದಾಗ ಗಂಟೆ ಬಾರಿಸುವುದು ಬಹುಪಾಲು ನಿರಪರಾಧಿ ಸರಕಿಗೆ: ಸೆರಾಮಿಕ್ ಟೈಲ್ಸ್, ಗ್ರಾನೈಟ್, ಪೊಟ್ಯಾಷ್ ಗೊಬ್ಬರ. ವಿಕಿರಣಶೀಲ ಅಯೋಡಿನ್ ಚಿಕಿತ್ಸೆ ಪಡೆದ ರೋಗಿ ಕಾರಿನಲ್ಲಿ ಕೂತಿದ್ದರೂ ಸಾಕು. ದಿನವೂ ಇದನ್ನು ಕೇಳಿ ಕೇಳಿ ಸಿಬ್ಬಂದಿಯ ಕಿವಿ ಜಡ್ಡುಗಟ್ಟುತ್ತದೆ. ನನಗೆ ಅತಿ ಹೆಚ್ಚು ಆತಂಕ ತರುವುದು ಇದೇ. ಹಾಗಾಗಿ ಪ್ರತಿ ಸದ್ದಿನ ಹಿಂದಿನ ರೇಖಾಚಿತ್ರ ಓದುವುದನ್ನು ಕಲಿಸುತ್ತೇನೆ. ಲಾರಿಯ ತುಂಬ ಗೊಬ್ಬರವಿದ್ದರೆ ಗೆರೆ ಮೇಲೇರಿ, ಲಾರಿಯ ಉದ್ದಕ್ಕೂ ಸಮತಟ್ಟಾಗಿ ಸಾಗಿ ಇಳಿಯುತ್ತದೆ. ಒಂದೇ ಕಡೆ ಇಟ್ಟ ಪುಟ್ಟ ವಿಕಿರಣ ಮೂಲವಾದರೆ ಚೂಪಾಗಿ ಎದ್ದು ಬೀಳುತ್ತದೆ. ಆಮೇಲೆ ಕೈಯಲ್ಲಿ ಹಿಡಿಯುವ ಉಪಕರಣದಿಂದ ವಿಕಿರಣ ಯಾವ ಐಸೊಟೋಪ್‌ನಿಂದ, ಅಂದರೆ ಧಾತುವಿನ ಯಾವ ರೂಪದಿಂದ ಬರುತ್ತಿದೆ ಎಂದು ನೋಡಬೇಕು. ಗೊಬ್ಬರ ಎಂದು ಬರೆದಿದ್ದಲ್ಲಿ ಪೊಟ್ಯಾಸಿಯಂ–40 ಕಾಣಬೇಕು, ಸೀಸಿಯಂ–137 ಕಂಡರೆ ಕಾಗದ ಸುಳ್ಳು ಹೇಳುತ್ತಿದೆ. ನ್ಯೂಟ್ರಾನ್ ಎಚ್ಚರಿಕೆಯನ್ನಂತೂ ಕಾರಣ ಖಚಿತವಾಗದೆ ಬಿಟ್ಟು ಕಳುಹಿಸಬಾರದು, ಏಕೆಂದರೆ ಪರಮಾಣು ಬಾಂಬಿಗೆ ಬಳಸುವ ಪ್ಲುಟೋನಿಯಂ ನ್ಯೂಟ್ರಾನ್‌ಗಳನ್ನು ಹೊರಸೂಸುತ್ತದೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ 100 ಮೈಕ್ರೊಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ತೋರಿಸಿದರೆ ಹಿಂದೆ ಸರಿದು ತಜ್ಞರನ್ನು ಕರೆಯಿರಿ ಎಂಬುದನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇನೆ. ಶೌರ್ಯ ತೋರುವ ಜಾಗ ಅದಲ್ಲ.

ರಾಸಾಯನಿಕಗಳ ಪಾಠ ಚಿಕ್ಕದು. ಡ್ರಮ್ಮಿನ ಮುಚ್ಚಳ ತೆರೆಯಬೇಡಿ, ಮೂಸಿ ನೋಡಬೇಡಿ, ಲೇಬಲ್ಲಿನಲ್ಲಿರುವ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಕೊಟ್ಟಿರುವ ಗುರುತು ಸಂಖ್ಯೆ ಓದಿ. ಥಯೋಡೈಗ್ಲೈಕಾಲ್ ಅನ್ನು ಶಾಯಿ ತಯಾರಿಕೆಯಲ್ಲೂ ಬಳಸುತ್ತಾರೆ, ಮಸ್ಟರ್ಡ್ ಅನಿಲಕ್ಕೂ ಅದು ಕಚ್ಚಾವಸ್ತು. ವ್ಯಾಪಾರಿಗಳು ಅದಕ್ಕೆ ಬೇರೆ ಬೇರೆ ಹೆಸರಿಡುತ್ತಾರೆ, ಆದರೆ 111-48-8 ಎಂಬ ಸಂಖ್ಯೆ ಬದಲಾಗುವುದಿಲ್ಲ.

1999ರಲ್ಲಿ ಬಲ್ಗೇರಿಯಾದ ರೂಸೆ ಗಡಿ ಠಾಣೆಯಲ್ಲಿ ನಡೆದದ್ದನ್ನು ಪ್ರತಿ ತಂಡಕ್ಕೂ ಹೇಳುತ್ತೇನೆ. ಕಾರಿನಲ್ಲಿದ್ದ ಏರ್ ಕಂಪ್ರೆಸರಿನೊಳಗೆ, ಸೀಸದ ಡಬ್ಬಿಯಲ್ಲಿ, ಕೆಲವೇ ಗ್ರಾಂ ಸಂವರ್ಧಿತ ಯುರೇನಿಯಂ ಇತ್ತು. ಅದನ್ನು ಹಿಡಿದದ್ದು ಮಾಪಕವಲ್ಲ. ಚಾಲಕನ ನಡವಳಿಕೆ ಕಂಡು ಅನುಮಾನಪಟ್ಟು ಹುಡುಕಿದ ಕಸ್ಟಮ್ಸ್ ಸಿಬ್ಬಂದಿ. ಈ ಕಥೆ ಮುಗಿಯುವಾಗ ಕೋಣೆಯಲ್ಲಿ ಹಿರಿಯ ಅಧಿಕಾರಿಗಳು ನೆಟ್ಟಗೆ ಕೂರುತ್ತಾರೆ. ತಮ್ಮ ಅನುಭವಕ್ಕೆ ಇಲ್ಲಿ ಬೆಲೆಯಿದೆ ಎಂದು ಅವರಿಗೆ ತಿಳಿಯುವುದು ಆಗಲೇ.

ಕೊನೆಯ ಅಭ್ಯಾಸವನ್ನು ರಾತ್ರಿ ಪಾಳಿಯಲ್ಲಿ ಮಾಡಿಸುತ್ತೇನೆ. ಸರಕಿನ ನಡುವೆ ನಿರಪಾಯಕಾರಿ ಪರೀಕ್ಷಾ ವಿಕಿರಣ ಮೂಲವೊಂದನ್ನು ಇಟ್ಟು, ಪತ್ತೆಯಾದ ಮೇಲೆ ಅವರು ಯಾರಿಗೆ ಫೋನ್ ಮಾಡುತ್ತಾರೆ ಎಂದು ಕಾಯುತ್ತೇನೆ. ಗೋಡೆಯ ಮೇಲಿನ ಪಟ್ಟಿಯಲ್ಲಿರುವ ತಜ್ಞರ ಸಂಖ್ಯೆಗೆ ನಿಜವಾಗಿಯೂ ಕರೆ ಮಾಡಲೇಬೇಕು. ಕೆಲವೊಮ್ಮೆ ಆ ತಜ್ಞರು ನಿವೃತ್ತರಾಗಿರುತ್ತಾರೆ, ಕೆಲವೊಮ್ಮೆ ಸಂಖ್ಯೆಯೇ ಬದಲಾಗಿರುತ್ತದೆ. ಸರಿಯಾದ ವ್ಯಕ್ತಿ ಆ ಹೊತ್ತಿನಲ್ಲಿ ಫೋನ್ ಎತ್ತಿ, ಉಪಕರಣದಿಂದ ಕಳುಹಿಸಿದ ಮಾಹಿತಿಯನ್ನು ಓದಿ ಉತ್ತರಿಸುವವರೆಗೆ ಆ ಠಾಣೆಯ ತರಬೇತಿ ಮುಗಿಯಿತೆಂದು ನಾನು ಸಹಿ ಹಾಕುವುದಿಲ್ಲ.