ನಾಲ್ಕು ಸುತ್ತಿನ ಲೆಕ್ಕ ಎಂಟು ಸುತ್ತಿನಲ್ಲಿ ಸಿಕ್ಕ ಬಗೆ

ಸಿಂಧನೂರಿನ ಸುತ್ತಮುತ್ತ ಸೈನ್ಯ ಮತ್ತು ಪೊಲೀಸ್ ಭರ್ತಿಗೆ ಹುಡುಗರನ್ನು ಓಡಿಸುವವರು ನಾಲ್ಕಾರು ಮಂದಿ ಇದ್ದೇವೆ. ಆದರೆ 1600 ಮೀಟರ್ ಪರೀಕ್ಷೆಗೆ ಹೋಗುವ ಹುಡುಗನನ್ನು ಮೂರು ವಾರಕ್ಕೊಮ್ಮೆ 3200 ಮೀಟರ್ ಓಡಿಸಿ, ಎರಡೂ ವೇಳೆಗಳನ್ನು ಒಂದರ ಪಕ್ಕ ಒಂದಿಟ್ಟು ತಾಲೀಮು ಗೊತ್ತುಮಾಡುವವನು ಆಗ ನಾನೊಬ್ಬನೇ ಇದ್ದೆ. "ಪರೀಕ್ಷೆಯೊಳಗ ನಾಲ್ಕ ಸುತ್ತ ಐತಿ, ನೀವ್ಯಾಕ್ರಿ ಸರ್ ಎಂಟು ಓಡಸ್ತೀರಿ?" ಎಂದು ಪಾಲಕರು ಮುಖಕ್ಕೇ ಕೇಳುತ್ತಿದ್ದರು. ಮೊದಲ ವರ್ಷ 18 ಹುಡುಗರಲ್ಲಿ 7 ಮಂದಿ ನನ್ನನ್ನು ಬಿಟ್ಟು, ದಿನವೂ ನಾಲ್ಕೇ ಸುತ್ತು ಓಡಿಸುವ ಇನ್ನೊಂದು ಕಡೆಗೆ ಹೋದರು. ತಲಾ 500 ರೂಪಾಯಿಯಂತೆ ತಿಂಗಳಿಗೆ 3,500 ರೂಪಾಯಿ ಕೈತಪ್ಪಿತು. ಉಳಿದ 11 ಮಂದಿಯಲ್ಲಿ 6 ಮಂದಿ ಸೈನ್ಯದ ಭರ್ತಿ ರ‍್ಯಾಲಿಯಲ್ಲಿ 5 ನಿಮಿಷ 30 ಸೆಕೆಂಡಿನ ಒಳಗೆ ಬಂದು ಪೂರ್ತಿ 60 ಅಂಕ ಪಡೆದ ಮೇಲೆ ಕೇಳುವ ಧಾಟಿ ಬದಲಾಗಿದೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಮೈದಾನದ ಅಳತೆಯಿಂದ. ಹಿಂದೆ ಯಾರೋ ಹಾಕಿದ್ದ ಸುಣ್ಣದ ಗೆರೆಯನ್ನೇ 400 ಮೀಟರ್ ಎಂದು ನಂಬಿ ಒಂದು ತಂಡವನ್ನು ಪೂರ್ತಿ ತಯಾರು ಮಾಡಿದೆ. ಮೂವರು ಹುಡುಗರು ಇಲ್ಲಿ 5:20ಕ್ಕೆ ಓಡುತ್ತಿದ್ದರು, ರ‍್ಯಾಲಿಯಲ್ಲಿ ಮೂವರೂ 5:30 ದಾಟಿ 48 ಅಂಕಕ್ಕೆ ಇಳಿದರು. ಊರಿಗೆ ಬಂದು 30 ಮೀಟರಿನ ಟೇಪು ಹಿಡಿದು, ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆದಾಗ ಸುತ್ತು 388 ಮೀಟರಿನ ಆಸುಪಾಸಿಗೆ ನಿಂತಿತು. ನಾಲ್ಕು ಸುತ್ತಿಗೆ 48 ಮೀಟರ್, ಅಂದರೆ ಅವರ ವೇಗದಲ್ಲಿ ಸುಮಾರು ಹತ್ತು ಸೆಕೆಂಡು ಕಡಿಮೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹಳೆಯ ನೋಟ್‌ಬುಕ್ ತಿರುವುವಾಗ ಒಂದು ಸಂಗತಿ ಹೊಳೆಯಿತು: ಸುತ್ತು ಗಿಡ್ಡವಿದ್ದರೂ 1600 ಮತ್ತು 3200ರ ವೇಳೆಗಳು ಒಂದೇ ಪ್ರಮಾಣದಲ್ಲಿ ತಗ್ಗಿರುತ್ತವೆ, ಆದ್ದರಿಂದ 3200ರ ವೇಳೆಯನ್ನು 1600ರ ವೇಳೆಯಿಂದ ಭಾಗಿಸಿದ ಅನುಪಾತ ಕೆಟ್ಟಿರಲಿಲ್ಲ. ಅಂದಿನಿಂದ ಸೆಕೆಂಡುಗಳ ಅಂತರವನ್ನು ಬಿಟ್ಟು ಅನುಪಾತವನ್ನೇ ಹಿಡಿದೆ.

ಒಂದು ಮೈಲಿಯ ವೇಳೆಯನ್ನು ದುಪ್ಪಟ್ಟು ಮಾಡಿ 30 ಸೆಕೆಂಡು ಕೂಡಿಸಿದರೆ ಎರಡು ಮೈಲಿಯ ವೇಳೆ ಸಿಗುತ್ತದೆ ಎಂಬ ಬಾಯಿಲೆಕ್ಕ ಎಲ್ಲರಿಗೂ ಗೊತ್ತು. ಪೀಟ್ ರೀಗೆಲ್ ಎಂಬ ಅಮೆರಿಕದ ಇಂಜಿನಿಯರರ ಸೂತ್ರದಂತೆ ದೂರ ದುಪ್ಪಟ್ಟಾದರೆ ವೇಳೆ 2.085 ಪಟ್ಟಾಗಬೇಕು, ಅಂದರೆ 5:30ರ ಹುಡುಗ 3200ನ್ನು 11:28ಕ್ಕೆ ಮುಗಿಸಬೇಕು. 5:30ರ ನನ್ನ ಒಬ್ಬ ಹುಡುಗನೂ ಹಾಗೆ ಮುಗಿಸಲಿಲ್ಲ. ಜಗತ್ತಿನ ಅತಿ ವೇಗದ ಓಟಗಳನ್ನೇ ತೆಗೆದುಕೊಳ್ಳಿ: ಹಿಶಾಮ್ ಎಲ್ ಗೆರೂಜ್ 1999ರಲ್ಲಿ ರೋಮ್‌ನಲ್ಲಿ ಒಂದು ಮೈಲಿಯನ್ನು 3:43.13ಕ್ಕೆ ಓಡಿದರು, ಯಾಕೊಬ್ ಇಂಗೆಬ್ರಿಗ್ಟ್ಸೆನ್ 2023ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಮೈಲಿಯನ್ನು 7:54.10ಕ್ಕೆ ಓಡಿದರು. ದುಪ್ಪಟ್ಟಿನ ಮೇಲೆ 28 ಸೆಕೆಂಡು, ಅನುಪಾತ 2.12. ಓಟಗಾರರು ಬೇರೆ ಬೇರೆಯವರು ಎಂಬುದು ನಿಜ, ಆದರೂ ಅದೇ ಅನುಪಾತವನ್ನು 5:30ಕ್ಕೆ ಹಚ್ಚಿದರೆ 11:41 ಬರುತ್ತದೆ, ಅಂತರ 41 ಸೆಕೆಂಡಾಗುತ್ತದೆ. ನಿಧಾನ ಓಡುವವನಿಗೂ ಅದೇ 30 ಸೆಕೆಂಡನ್ನು ಕೂಡಿಸುವುದರಲ್ಲಿಯೇ ಬಾಯಿಲೆಕ್ಕ ಎಡವುತ್ತದೆ. ಇನ್ನು ಮೈಲಿಗೂ 1600ಕ್ಕೂ ಇರುವ ಒಂಬತ್ತು ಮೀಟರ್ ಚಿಲ್ಲರೆ ವ್ಯತ್ಯಾಸ ನಮ್ಮ ಹುಡುಗರಿಗೆ ಎರಡು ಸೆಕೆಂಡಿನ ಮಾತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಪಳಗಿದ ಹುಡುಗರೆಲ್ಲ 2.11ರಿಂದ 2.15ರೊಳಗೆ ಬರುತ್ತಾರೆ. 2.18 ದಾಟಿದವನಿಗೆ ಕಾಲಿನಲ್ಲಿ ವೇಗವಿದೆ, ದಮ್ಮಿಲ್ಲ. 2.09ರ ಕೆಳಗಿದ್ದವನಿಗೆ ದಮ್ಮಿದೆ, ಕಾಲು ಏಳುವುದಿಲ್ಲ. ಮೊದಲಿನವನನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಮಾತನಾಡುತ್ತ ಓಡಬಹುದಾದಷ್ಟು ನಿಧಾನವಾಗಿ 45 ನಿಮಿಷ ಓಡಿಸುತ್ತೇನೆ, ಎರಡನೆಯವನಿಗೆ 200 ಮೀಟರಿನ ತುಣುಕುಗಳು. ಕೋಳಿ ಸಾಕುವವರ ಮನೆಯ ಹುಡುಗನೊಬ್ಬ 5:42 ಮತ್ತು 12:40ಕ್ಕೆ ಬಂದಿದ್ದ, ಅಂದರೆ 2.22. ಎಂಟು ಸುತ್ತಿನ ಮೊದಲ ಸುತ್ತನ್ನು ಕುದುರೆಯಂತೆ 78 ಸೆಕೆಂಡಿಗೆ ತೆಗೆದು, ಐದನೆಯದರಲ್ಲಿ ಸೊಂಟಕ್ಕೆ ಕೈಕೊಟ್ಟು "ಇನ್ನೂ ಎಷ್ಟ್ರಿ ಸರ್?" ಎನ್ನುತ್ತಿದ್ದ. ಹತ್ತು ವಾರ ಏರಿಯ ಮೇಲೆ ಓಡಿದ ಮೇಲೆ 11:45ಕ್ಕೆ ಇಳಿದ, ನಾಲ್ಕು ಸುತ್ತು ತಾನಾಗಿ 5:29 ಆಯಿತು. ಇದಕ್ಕೆ ತದ್ವಿರುದ್ಧವಾಗಿ ಕುರಿ ಕಾಯುತ್ತಿದ್ದ ಹುಡುಗ 5:50 ಮತ್ತು 12:05ಕ್ಕೆ ಬಂದಿದ್ದ. ಎಂಟು ವಾರ 200ರ ತುಣುಕು ಓಡಿಸಿದ ಮೇಲೆ ಅವನ 3200 ಕೇವಲ ಹನ್ನೆರಡು ಸೆಕೆಂಡು ತಗ್ಗಿ 11:53ಕ್ಕೆ ನಿಂತಿತು, "ಸರ್ ಇವನನ್ನು ಕೆಡಿಸಿದರು" ಎಂದು ಜೊತೆಯವರು ಆಡಿಕೊಂಡರು. ಆದರೆ 1600 ಮಾತ್ರ 5:34ಕ್ಕೆ ಬಂದಿತ್ತು, ಅನುಪಾತ 2.07ರಿಂದ 2.13ಕ್ಕೆ ಏರಿತ್ತು.

ಎರಡೂ ಓಟಗಳನ್ನು ಒಂದೇ ಬೆಳಿಗ್ಗೆ ಅರ್ಧ ಗಂಟೆಯ ಬಿಡುವಿನಲ್ಲಿ ಓಡಿಸಿ ಮೂರು ತಿಂಗಳ ಲೆಕ್ಕವನ್ನು ನಾನೇ ಹಾಳು ಮಾಡಿಕೊಂಡಿದ್ದೆ, ಎಲ್ಲರೂ 2.25ಕ್ಕೆ ಬರುತ್ತಿದ್ದರು. ಈಗ ನಡುವೆ ನಾಲ್ಕು ದಿನ ಬಿಡುತ್ತೇನೆ. ಏಪ್ರಿಲ್ ಸಂಜೆಯ ಓಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ನಾಲ್ಕು ಸುತ್ತನ್ನು ಕ್ಷಮಿಸಿದರೂ ಎಂಟನ್ನು ಕ್ಷಮಿಸುವುದಿಲ್ಲ. ಬೆಳಗಿನ ಐದೂವರೆಯೇ ಸರಿ. 800ರಿಂದ 1600ನ್ನು ಊಹಿಸುವ ಪ್ರಯತ್ನವನ್ನೂ ಒಂದು ಬೇಸಿಗೆ ಮಾಡಿದೆ. ಎರಡು ಸುತ್ತನ್ನು ಹುಡುಗರು ಹಟಕ್ಕೆ ಬಿದ್ದು ಓಡುವುದರಿಂದ ಅದು ಕೆಲಸಕ್ಕೆ ಬರಲಿಲ್ಲ.

ಹಣ ಹೆಚ್ಚು ತಿಂದದ್ದು ನೆಲ. ಮಳೆ ಬಿದ್ದರೆ ಎರೆಮಣ್ಣು ಬೂಟಿಗೆ ಅಂಟಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗುತ್ತದೆ. ಆರು ಟ್ರ್ಯಾಕ್ಟರ್ ಗರಸು ಹಾಕಿಸಿದ್ದಕ್ಕೆ ಏಳು ಸಾವಿರದ ಹತ್ತಿರ, ಸಮ ಮಾಡಿದ ಜೆಸಿಬಿಗೆ ಎರಡೂವರೆ ಸಾವಿರ, ಎರಡು ಸ್ಟಾಪ್‌ವಾಚಿಗೆ ಸಾವಿರದ ಮೇಲೆ ಹೋಯಿತು.

ರ‍್ಯಾಲಿಗೆ ಎಷ್ಟು ದಿನ ಮೊದಲು ಕೊನೆಯ 3200 ಓಡಿಸುತ್ತೇನೆ ಮತ್ತು ಎಂಟರಲ್ಲಿ ಯಾವ ಸುತ್ತಿನ ವೇಳೆಯನ್ನು ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಬಿಟ್ಟು ಹೋದ ಏಳು ಮಂದಿಯ ಈಗಿನ ಗುರುಗಳೂ ಇದನ್ನು ಓದುತ್ತಾರೆ. ಹೋದ ಭಾನುವಾರ ಅವರ ಹುಡುಗರು ಕಾಲುವೆಯ ಆಚೆ ದಂಡೆಯಲ್ಲಿ ನಿಧಾನವಾಗಿ, ಮಾತನಾಡುತ್ತ ಓಡುತ್ತಿದ್ದುದನ್ನು ನಾನು ಕಂಡೆ.