ಕೆರೆಗೆ ನೀರು ಬಂದ ಮೇಲೆ ನಾವು ಹಿಪ್ಪುನೇರಳೆ ಹಾಕಿದ್ದು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಕೆರೆ ನಂಬಿ ಬದುಕಿದರು. ನಮ್ಮ ಕಾಲಕ್ಕೆ ಕೆರೆಯಂಗಳದಲ್ಲಿ ಜಾಲಿ ಬೆಳೆದಿತ್ತು, ಬೋರ್‌ವೆಲ್ ಸಾವಿರ ಅಡಿ ದಾಟಿತ್ತು. ಅಷ್ಟು ಆಳಕ್ಕೂ ನೀರು ಸಿಗದೆ ಸಾಲ ಮಾತ್ರ ಉಳಿದ ಮನೆಗಳು ನಮ್ಮೂರಲ್ಲೇ ಇವೆ.

ಸರ್ಕಾರದ ದುಡ್ಡಿನಿಂದ ಹಳ್ಳಿ ಬದಲಾಗುತ್ತಾ ಎಂದು ಕೇಳುವವರಿಗೆ ನಾನು ನಮ್ಮ ಹೊಲವನ್ನೇ ತೋರಿಸುತ್ತೇನೆ. ಬದಲಾಗುತ್ತದೆ. ಆದರೆ ಆ ದುಡ್ಡು ಒಂದೇ ಕಡೆಯಿಂದ ಬರುವುದಿಲ್ಲ. ನೀರಿಗೆ ಒಂದು ಇಲಾಖೆ, ಗಿಡಕ್ಕೆ ಇನ್ನೊಂದು, ಮಾರುವುದಕ್ಕೆ ಮತ್ತೊಂದು ಕಡೆ. ಯಾವುದರ ಹಿಂದೆ ಯಾವುದು ಎಂದು ಜೋಡಿಸಿಕೊಳ್ಳುವುದು ರೈತರ ಪಾಲಿನ ಕೆಲಸ.

ಮೊದಲು ನೀರು. 2018ರಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ಶುರುವಾಯಿತು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಪೈಪಿನಲ್ಲಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ತಂದು ಬಿಟ್ಟರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಒಟ್ಟು 126 ಕೆರೆ ತುಂಬಿಸುವ ಗುರಿ, ಸುಮಾರು 1,300 ಕೋಟಿ ರೂಪಾಯಿ ವೆಚ್ಚ. ಈ ದುಡ್ಡನ್ನು ಯಾವ ಖಾಸಗಿಯವರೂ ಹಾಕುತ್ತಿರಲಿಲ್ಲ. ಕೆರೆಯಲ್ಲಿ ಇಂಗಿದ ನೀರು ಯಾರ ಬೋರ್‌ವೆಲ್‌ಗೆ ಹೋಯಿತು ಎಂದು ನೋಡಿ ಬಿಲ್ ಕೊಡಲು ಆಗುತ್ತದಾ? ಇಂಥ ಕೆಲಸ ಸರ್ಕಾರವೇ ಮಾಡಬೇಕು.

ಒಂದು ಮಾತು ಇಲ್ಲೇ ಹೇಳಬೇಕು. ನೀರು ಬಂದ ವರ್ಷವೇ ಲಕ್ಷ್ಮೀಸಾಗರದಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದರೆ ಸಾಲದು, ಉಳಿದ ರಾಸಾಯನಿಕ, ರೋಗಾಣು ತೆಗೆಯುವ ಮೂರನೇ ಹಂತವೂ ಬೇಕು ಎಂದು ಹೋರಾಡಿದವರ ಮಾತು ಸರಿಯಾಗಿಯೇ ಇದೆ. ಇಷ್ಟು ದೊಡ್ಡ ಮೊತ್ತ ಹಾಕಿದ ಮೇಲೆ ಅದನ್ನೂ ಮಾಡುವುದು ನ್ಯಾಯ. ಕೆರೆಗೆ ಮೋಟಾರ್ ಇಟ್ಟು ನೇರವಾಗಿ ನೀರು ಎತ್ತಬಾರದು ಎಂಬ ನಿಯಮವನ್ನೂ ನಾನು ಒಪ್ಪುತ್ತೇನೆ. ಈ ಯೋಜನೆ ಇರುವುದೇ ಅಂತರ್ಜಲಕ್ಕೆ.

ನಮ್ಮ ಒಣ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡಾಗ ಊರಲ್ಲಿ ಎಲ್ಲರೂ ಟೊಮೆಟೊ ಎಂದರು. ಕೋಲಾರದ ಮಾರುಕಟ್ಟೆ ಹತ್ತಿರ, ನಿಜ. ಆದರೆ ಟೊಮೆಟೊ ರೇಟು ಬಿದ್ದರೆ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ನಾವು ರೇಷ್ಮೆ ಹುಳು ಸಾಕಲು ಒಂದು ಎಕರೆಗೆ ಹಿಪ್ಪುನೇರಳೆ ಹಾಕಿದೆವು, ಆ ಹುಳು ತಿನ್ನುವುದು ಇದರ ಸೊಪ್ಪನ್ನೇ. ಉದ್ಯೋಗ ಖಾತ್ರಿಯಲ್ಲಿ ಸಣ್ಣ ರೈತರು ತಮ್ಮ ಹೊಲದಲ್ಲೇ ಹಿಪ್ಪುನೇರಳೆ ನೆಟ್ಟು ಕೂಲಿ ಪಡೆಯುವ ಅವಕಾಶ ಇತ್ತು. ಗುಂಡಿ ತೋಡಿದ್ದು, ನೆಟ್ಟಿದ್ದು ನಾವೇ, ಕೂಲಿ ನಮ್ಮ ಖಾತೆಗೇ ಬಂತು. ಮೊದಲ ವರ್ಷ ಗಿಡ ಬೇರು ಬಿಡುವವರೆಗೆ ಮನೆಗೆ ಬೇರೆ ಆದಾಯ ಇರುವುದಿಲ್ಲ ಅಲ್ವಾ, ಆಗ ಈ ಕೂಲಿಯೇ ಆಧಾರ. ಅದಿಲ್ಲದಿದ್ದರೆ ಅರ್ಧದಲ್ಲೇ ಬಿಟ್ಟು ಬೆಂಗಳೂರು ಬಸ್ಸು ಹತ್ತುತ್ತಿದ್ದೆವು.

ಹಾಕಿದ್ದು ವಿ-1 ತಳಿ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿ ಇದು. ಜೋಡಿ ಸಾಲು: ಮೂರಡಿ ಅಂತರದಲ್ಲಿ ಎರಡು ಸಾಲು, ಆಮೇಲೆ ಐದಡಿ ಜಾಗ, ಗಿಡದಿಂದ ಗಿಡಕ್ಕೆ ಎರಡಡಿ. ಜೋಡಿಯ ನಡುವೆ ಡ್ರಿಪ್ ಪೈಪು. ಐದಡಿ ಜಾಗ ಬಿಟ್ಟರೆ ಟಿಲ್ಲರ್ ಓಡುತ್ತದೆ, ಕಳೆ ತೆಗೆಯುವ ಖರ್ಚು ಉಳಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ತೋಟ ಹದಿನೈದು ವರ್ಷ ನಿಲ್ಲುತ್ತದೆ. ಡ್ರಿಪ್‌ಗೆ ಸಬ್ಸಿಡಿ ಸಿಕ್ಕಿತು. ಹುಳು ಮನೆಯ ಸಬ್ಸಿಡಿ ಮಾತ್ರ ತುಂಬಾ ತಡವಾಯಿತು, ಅಷ್ಟರಲ್ಲಿ ಕೈಸಾಲ ಮಾಡಿ ಕಟ್ಟಿ ಮುಗಿಸಿದ್ದೆವು. ಹೊಸದಾಗಿ ಶುರು ಮಾಡುವವರು ಸಬ್ಸಿಡಿ ಬಂದ ಮೇಲೆ ಕೊಟ್ಟರಾಯಿತು ಎಂದು ಲೆಕ್ಕ ಹಾಕಬೇಡಿ. ಮುಂಚೆಯೇ ಬ್ಯಾಂಕಿನಲ್ಲಿ ಮಾತಾಡಿಕೊಳ್ಳಿ.

ಹುಳುವನ್ನು ನಾವು ಮೊಟ್ಟೆಯಿಂದ ಸಾಕುವುದಿಲ್ಲ. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳು ತರುತ್ತೇವೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವ ಸೊಪ್ಪಿಗೆ ಮಿತಿಯೇ ಇಲ್ಲ. ಮನೆಯವರೆಲ್ಲ ಆ ವಾರ ಹೊಲ ಮತ್ತು ಹುಳು ಮನೆ ನಡುವೆಯೇ ಇರುತ್ತೇವೆ. ಹುಳು ಹಣ್ಣಾದರೆ, ಅಂದರೆ ಗೂಡು ಕಟ್ಟಲು ಸಿದ್ಧವಾದರೆ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವುದು, ಗೂಡು ಗಟ್ಟಿಯಾದ ಮೇಲೆ ಬಿಡಿಸುವುದು. ಬಾಗಿಲಿಗೆ, ಕಿಟಕಿಗೆ ನೈಲಾನ್ ಬಲೆ ಇಲ್ಲದಿದ್ದರೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ಉಜಿ ನೊಣ ಇಡೀ ಬೆಳೆ ಹಾಳು ಮಾಡುತ್ತದೆ.

ಗೂಡು ಮಾರುವುದು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಸರ್ಕಾರಿ ಮಾರುಕಟ್ಟೆಯಲ್ಲಿ. ನನ್ನ ಪ್ರಕಾರ ಇಡೀ ಸರಪಳಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದ ಹೂಡಿಕೆ ಇದು. ಬಹಿರಂಗ ಹರಾಜು, ಎಲ್ಲರ ಎದುರಿಗೇ ತೂಕ, ಹಣ ಬ್ಯಾಂಕ್ ಖಾತೆಗೆ. ಮನೆ ಬಾಗಿಲಿಗೆ ಬರುವ ದಲ್ಲಾಳಿ ಹೇಳಿದ ರೇಟಿಗೆ ತಲೆಯಾಡಿಸುವ ಕಷ್ಟ ಇಲ್ಲ. ಈ ಮಾರುಕಟ್ಟೆ ಇರುವುದರಿಂದಲೇ ಶಿಡ್ಲಘಟ್ಟದ ಗಲ್ಲಿಗಲ್ಲಿಯಲ್ಲಿ ನೂಲು ಬಿಚ್ಚಾಣಿಕೆ, ಅಂದರೆ ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ, ನಡೆಯುತ್ತದೆ, ಅಲ್ಲಿನ ಸಾವಿರಾರು ಹೆಂಗಸರಿಗೆ, ಗಂಡಸರಿಗೆ ಕೂಲಿ ಸಿಗುತ್ತದೆ. ನಾವು ಕೂಡ ಗೂಡು ಮಾರಿದ ದಿನ ಗೊಬ್ಬರ, ಬಟ್ಟೆ, ದಿನಸಿ ಅಲ್ಲೇ ತರುತ್ತೇವೆ. ಕೆರೆಗೆ ಹಾಕಿದ ದುಡ್ಡು ಪೇಟೆಯ ಅಂಗಡಿಗೆ ಹೋಗಿ ಸೇರುವುದು ಹೀಗೆ.

ನಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಕೈ ಹಾಕುವವರಿಗೆ ನಾನು ಹೇಳುವುದು ಇಷ್ಟು. ಗಿಡ ತರುವ ಮೊದಲು ಬೋರ್‌ವೆಲ್ ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ, ಆಮೇಲೆ ಪ್ರತಿ ವರ್ಷವೂ ಮಾಡಿಸಿ. ಉಪ್ಪಿನ ಅಂಶ ಏರುತ್ತಿದೆ ಎಂದು ಕಂಡರೆ ಆ ವರದಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಗ್ರಾಮಸಭೆಗೆ ತನ್ನಿ, ನಡಾವಳಿಯಲ್ಲಿ ಬರೆಸಿ. ಮೂರನೇ ಹಂತದ ಶುದ್ಧೀಕರಣ ಕೇಳುವಾಗ ನಮ್ಮ ಕೈಯಲ್ಲಿ ಕಾಗದ ಇರಬೇಕು.