ಆರು ಗೇರಿನ ಗಾಡಿಗೆ ಬಿ.ಪಿ. ನೋಡಿದ ಕತೆ

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟಕ್ಕೆ ಪಂಪ್‌ಸೆಟ್ ರಿಪೇರಿಗೆ ಹೋಗಿದ್ದೆ. ಗೋಡೌನಿನ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಏನೋ ನಿಂತಿತ್ತು. ಚೀಲದ ಕೆಳಗಿಂದ ಎರಡು ಸೈಲೆನ್ಸರ್ ಇಣುಕುತ್ತಿದ್ದವು. ಎತ್ತಿ ನೋಡಿದರೆ ರಾಜ್‌ದೂತ್ 350! ಪಂಪು ಮರೆತೇಹೋಯಿತು.

"ನನ್ನ ತಮ್ಮಂದು" ಅಂದರು ತೋಟದ ಯಜಮಾನರು. "ಆರು ಗೇರು, ಆರು ಗೇರು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ. ಅವನು ಹೋದ್ಮೇಲೆ ಯಾರೂ ಮುಟ್ಲಿಲ್ಲ. ಗುಜರಿಯವರು ಎಷ್ಟು ಸಲ ಬಂದು ಕೇಳಿದ್ರೂ ಕೊಡೋಕೆ ಮನಸ್ಸು ಬರ್ಲಿಲ್ಲ. ನೀನು ಓಡಿಸ್ತೀನಿ ಅಂದ್ರೆ ಹೇಳು, ಕೊಡ್ತೀನಿ."

ರಾಜ್‌ದೂತ್ ಅಂದ ತಕ್ಷಣ ಹಾಲಿನ ಕ್ಯಾನ್ ನೇತುಹಾಕಿಕೊಂಡು ಹೋಗುವ 175 ಗಾಡಿ ನೆನಪಾಗಬಹುದು. ಇದು ಅದಲ್ಲ. ಜಪಾನಿನ ಯಮಹಾ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ ಇಲ್ಲಿ ತಯಾರಿಸಿ 1983ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ರೀಡ್ ವಾಲ್ವ್, ಆರು ಗೇರು. ಜಪಾನಿನಲ್ಲಿ 39 ಎಚ್‌ಪಿ ಇದ್ದದ್ದನ್ನು ಇಲ್ಲಿ ಹೈ ಟಾರ್ಕ್ ಅನ್ನುವ ಮಾದರಿಯಲ್ಲಿ 30.5ಕ್ಕೆ, ಆಮೇಲೆ ಬಂದ ಲೋ ಟಾರ್ಕ್ ಮಾದರಿಯಲ್ಲಿ 27ಕ್ಕೆ ಇಳಿಸಿದರು. ಮುಂದಿನ ಡಿಸ್ಕ್ ಬ್ರೇಕ್ ತೆಗೆದು ಡ್ರಮ್ ಹಾಕಿದರು. ಆದರೂ ಬುಲೆಟ್, ಯೆಜ್ಡಿ ಓಡಾಡುತ್ತಿದ್ದ ಆ ಕಾಲದ ರಸ್ತೆಯಲ್ಲಿ ಇದನ್ನು ಹಿಡಿಯೋರೇ ಇರಲಿಲ್ಲ. ಚೆನ್ನೈ ಹತ್ತಿರದ ಶೋಲಾವರಂ ರೇಸಿನಲ್ಲೂ ಇದರದ್ದೇ ಸದ್ದು. ಆದರೆ ಬೆಲೆ ಜಾಸ್ತಿ, ಪೆಟ್ರೋಲ್ ಕುಡಿಯೋದು ಜಾಸ್ತಿ, ಬಿಡಿಭಾಗ ಸಿಗೋದು ಕಷ್ಟ. ಹೆಚ್ಚೂಕಡಿಮೆ ಆ ದಶಕದ ಕೊನೆಗೇ ತಯಾರಿಕೆ ನಿಂತುಹೋಯಿತು.

ಗಾಡಿ ತರುವ ಮೊದಲು ಕಾಗದ ನೋಡಿದೆ. ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಆರ್‌ಸಿ ಪುಸ್ತಕಕ್ಕೆ ತಾಳೆಯಾದವು. ಮಾಲೀಕರು ತೀರಿಕೊಂಡಿದ್ದರಿಂದ ಮೊದಲು ಫಾರಂ 31ರಲ್ಲಿ ಯಜಮಾನರ ಹೆಸರಿಗೆ, ಆಮೇಲೆ 29 ಮತ್ತು 30ರಲ್ಲಿ ನನ್ನ ಹೆಸರಿಗೆ ಬದಲಾಯಿಸಬೇಕಾಯಿತು. ಓಡಾಟ ಸಾಕಷ್ಟಾಯಿತು. ಆದರೂ ಹೇಳ್ತೀನಿ, ಕಾಗದ ಇಲ್ಲದ ಗಾಡಿಗೆ ಒಂದು ಸ್ಪ್ಯಾನರ್ ಕೂಡ ಹಾಕಬೇಡಿ.

ಮನೆಗೆ ತಂದ ದಿನ ನೋಡಲು ಬಂದವರೆಲ್ಲ "ಒಂದು ಕಿಕ್ ಹೊಡಿ, ನೋಡೋಣ" ಅನ್ನುತ್ತಿದ್ದರು. ನಾನು ಹೊಡೆಯಲಿಲ್ಲ. ಮಲೆನಾಡಿನ ಮಳೆಗಾಲಗಳನ್ನು ನಿಂತಲ್ಲೇ ಕಳೆದ ಇಂಜಿನ್ ಅದು. ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯಲ್ಲಿ, ತುಕ್ಕು ಇದ್ದೇ ಇರುತ್ತೆ. ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನಿನ ರಿಂಗು ಮುರಿದು ಆ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಸಿಕ್ಕಿಕೊಳ್ಳುತ್ತೆ. ಪ್ಲಗ್ ಬಿಚ್ಚಿ, ಡೀಸೆಲ್ಲು ಆಯಿಲ್ಲು ಅರ್ಧಕ್ಕರ್ಧ ಬೆರೆಸಿ ಎರಡೂ ಸಿಲಿಂಡರಿಗೆ ಸುರಿದೆ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಸ್ಪ್ಯಾನರಿನಲ್ಲಿ ಕ್ರ್ಯಾಂಕನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಿಸುತ್ತಿದ್ದೆ. ಒಂಬತ್ತನೇ ದಿನ ಕೂದಲೆಳೆಯಷ್ಟು ಜರುಗಿತು. ಹತ್ತನೇ ದಿನ ಪೂರ್ತಿ ಒಂದು ಸುತ್ತು ಬಂತು.

ಆಮೇಲೆ ಇಂಜಿನ್ ಇಳಿಸಿ ಪೂರ್ತಿ ಬಿಚ್ಚಿದೆ. ಕ್ರ್ಯಾಂಕ್ ಕೂರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಇದರಲ್ಲಿ ಅಡ್ಡಕ್ಕೆ ಎರಡು ಹೋಳಾಗಿ ತೆರೆದುಕೊಳ್ಳುತ್ತೆ, ಹಾಗಾಗಿ ಒಳಗಿನದ್ದೆಲ್ಲ ಒಟ್ಟಿಗೇ ಕಣ್ಣಿಗೆ ಬೀಳುತ್ತೆ. ಪ್ರತಿ ಹಂತಕ್ಕೂ ಒಂದು ಫೋಟೊ. ಬೋಲ್ಟುಗಳು ಐಸ್‌ಕ್ರೀಂ ಡಬ್ಬಗಳಲ್ಲಿ, ಡಬ್ಬದ ಮೇಲೆ ಚೀಟಿ. ಹಾಸನದಲ್ಲಿ ನನಗೆ ಪರಿಚಯದ ಲೇತ್‌ನವರು ಕ್ರ್ಯಾಂಕಿಗೆ ಹೊಸ ಬೇರಿಂಗ್, ಕನೆಕ್ಟಿಂಗ್ ರಾಡ್ ಹಾಕಿ ಪ್ರೆಸ್ ಮಾಡಿ, ಡಯಲ್ ಗೇಜ್ ಇಟ್ಟು ತಿರುಗುವಾಗಿನ ಓಲಾಟ 0.03 ಮಿ.ಮೀ. ಒಳಗೆ ತಂದುಕೊಟ್ಟರು. ಹೊಸ ಪಿಸ್ಟನ್ ಕೈಗೆ ಬರುವ ತನಕ ಬೋರಿಂಗ್, ಅಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡೋದು, ಮಾಡಿಸಬೇಡಿ. ಒಂದೇ ಡಬ್ಬದ ಎರಡು ಪಿಸ್ಟನ್ನೂ ಒಂದೇ ಅಳತೆ ಇರುತ್ತವೆ ಅಂತ ಹೇಳೋಕಾಗಲ್ಲ. ಯಾವ ಪಿಸ್ಟನ್ನಿಗೆ ಯಾವ ಬೋರು ಅಂತ ಗುರುತು ಹಾಕಿಯೇ ಕೊಡಿ. ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತೆ. ಅದನ್ನು ಕೈಯಿಂದ ಸಣ್ಣ ಅರದಲ್ಲಿ ಉಜ್ಜಿ ಮಟ್ಟ ಮಾಡಲೇಬೇಕು. ಇಲ್ಲದಿದ್ದರೆ ಹೊಸ ರಿಂಗನ್ನು ಅದೇ ತಿನ್ನುತ್ತೆ.

ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಸೀಲುಗಳ, ಅಂದರೆ ಕ್ರ್ಯಾಂಕಿನ ತುದಿಗಳಲ್ಲಿ ಸೋರಿಕೆ ತಡೆಯುವ ರಬ್ಬರ್ ಬಳೆಗಳ, ಸೆಟ್ ತಂದೆ. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದೆ. ನಾಲ್ಕನೇ ಕಿಕ್ಕಿಗೆ ಹೊತ್ತಿಕೊಂಡಿತು. ಆ ಖುಷಿ ಏನು ಹೇಳಲಿ! ಆದರೆ ಥ್ರಾಟಲ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯಲಿಲ್ಲ. ಮೇಲೇ ತೂಗಾಡುತ್ತಾ ನಿಂತು, ಆಮೇಲೆ ನಿಧಾನಕ್ಕೆ ಇಳಿಯಿತು. ಕಾರ್ಬ್ಯುರೇಟರ್ ಟ್ಯೂನಿಂಗ್ ಸರಿಯಿಲ್ಲ ಅಂದರು ಗೆಳೆಯರು. ನನಗೆ ಅನುಮಾನ ಬಂದು ಆಫ್ ಮಾಡಿದೆ.

ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಇಂಜಿನ್ನಿನ ಶ್ವಾಸಕೋಶ. ಪೆಟ್ರೋಲ್ ಬೆರೆತ ಗಾಳಿ ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಹತ್ತಬೇಕು. ಕ್ರ್ಯಾಂಕಿನ ಎಡತುದಿಯ ಸೀಲು ಸೋರಿದರೆ ಬರೀ ಗಾಳಿ ಒಳಗೆ ನುಗ್ಗುತ್ತೆ. ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತೆ. ಬಲತುದಿಯದ್ದು ಸೋರಿದರೆ ಗೇರ್ ಆಯಿಲ್ ಒಳಗೆ ಹೋಗಿ ಬಿಳಿ ಹೊಗೆ. ಹೊಗೆ ಕಣ್ಣಿಗೆ ಕಾಣುತ್ತೆ, ಗಾಳಿ ಕಾಣಲ್ಲ ಅಲ್ವಾ.

ಅದಕ್ಕೇ ಗಾಳಿ ಹಾಕಿ ನೋಡಬೇಕು. ಮನೆಯಲ್ಲಿ ಅಪ್ಪನ ಹಳೇ ಬಿ.ಪಿ. ಮೀಟರ್ ಇತ್ತು, ಕೈಯಲ್ಲಿ ಬಲ್ಬ್ ಅದುಮುವ ಡಯಲ್ ಮೀಟರ್. ಅದರ ಮುಳ್ಳು 300ಕ್ಕೆ ಬಂದರೆ ಸುಮಾರು 6 ಪಿಎಸ್‌ಐ. ನಮಗೆ ಬೇಕಾದ್ದೂ ಅಷ್ಟೇ. ಎಕ್ಸಾಸ್ಟ್ ಬಾಯಿಗಳಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಮೇಲೊಂದು ದಪ್ಪ ತಗಡು ಬಿಗಿದೆ. ಇನ್‌ಟೇಕ್ ರಬ್ಬರುಗಳಿಗೆ ಮರದ ಬೆಣೆ. ಒಂದು ಬೆಣೆಗೆ ತೂತು ಕೊರೆದು ಮೀಟರಿನ ಕೊಳವೆ ತೂರಿಸಿದೆ. ಆ ಕಡೆಯ ಪಿಸ್ಟನ್ ಕೆಳಗಿರಬೇಕು, ಆಗ ಗಾಳಿ ಕ್ರ್ಯಾಂಕ್‌ಕೇಸಿಗೂ ಸಿಲಿಂಡರಿಗೂ ಓಡಾಡುತ್ತೆ. ಇಂಜಿನ್ನಿನ ಎಡಗಡೆಯ ಭಾಗಗಳನ್ನು ಬಿಚ್ಚಿ ಸೀಲು ಕಾಣುವ ಹಾಗೆ ಮಾಡಿಕೊಂಡೆ. ನಿಮಿಷಕ್ಕೆ 50ಕ್ಕಿಂತ ಜಾಸ್ತಿ ಇಳಿಯಬಾರದು, ಅದು ನನ್ನ ಲೆಕ್ಕ.

ಹನ್ನೆರಡು ಸೆಕೆಂಡಿನಲ್ಲಿ ಮುಳ್ಳು ಸೊನ್ನೆಗೆ ಬಿತ್ತು.

ಬ್ರಷ್ಷಿನಲ್ಲಿ ಸೋಪಿನ ನೀರು ಬಳಿಯುತ್ತಾ ಬಂದೆ. ಹೆಡ್ಡಿನ ಹತ್ತಿರ ಏನಿಲ್ಲ. ಬ್ಯಾರಲ್ ಬುಡದಲ್ಲಿ ಏನಿಲ್ಲ. ಎಡಸೀಲಿನ ಕೆಳತುಟಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದು ಬರುತ್ತಿದ್ದವು. ಹೊಸ ಸೀಲೇ! ಬಿಚ್ಚಿ ಬೆರಳಲ್ಲಿ ಅದುಮಿದರೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಟ್ಟಿ. ವರ್ಷಗಟ್ಟಲೆ ಅಂಗಡಿಯ ಕಪಾಟಿನಲ್ಲೇ ಕೂತಿದ್ದ ಮಾಲು. ಇನ್ನು ಅರ್ಧ ಗಂಟೆ ಓಡಿಸಿದ್ದರೆ ಮೂರು ತಿಂಗಳ ಕೆಲಸ, ಅಷ್ಟೂ ದುಡ್ಡು ಹೋಗುತ್ತಿತ್ತು. ಮತ್ತೆ ಕೇಸು ಸೀಳಿ, ಒಳ್ಳೇ ರಬ್ಬರಿನ ಸೀಲು ಹಾಕಿದೆ. ಈ ಸಲ ಐದು ನಿಮಿಷ ಕಾದರೂ ಮುಳ್ಳು 260ರ ಮೇಲೇ ಇತ್ತು. ಅಮ್ಮ ಅಡುಗೆಮನೆಯಿಂದ ಬಂದು "ಗಾಡಿ ಬಿ.ಪಿ. ಎಷ್ಟಿದೆಯೋ?" ಅಂತ ಕೇಳಿದರು.

ಮಿಕ್ಕ ಕೆಲಸ ಬೇಗ ಸಾಗಿತು. ಟ್ಯಾಂಕಿನ ತುಕ್ಕಿಗೆ ವಾಷಿಂಗ್ ಸೋಡದ ನೀರು ತುಂಬಿ, ಬ್ಯಾಟರಿ ಚಾರ್ಜರಿನ ಮೈನಸ್ ಟ್ಯಾಂಕಿಗೆ, ಪ್ಲಸ್ ಒಂದು ಕಬ್ಬಿಣದ ಸರಳಿಗೆ ಕೊಟ್ಟೆ. ಸರಳು ಟ್ಯಾಂಕಿಗೆ ತಾಗಬಾರದು, ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಲೇಬಾರದು. ಬಯಲಲ್ಲೇ ಮಾಡಿ, ಬರುವ ಅನಿಲಕ್ಕೆ ಬೆಂಕಿ ಹೊತ್ತಿಕೊಳ್ಳುತ್ತೆ. ಎರಡು ದಿನಕ್ಕೆ ತುಕ್ಕೆಲ್ಲ ಕರಿ ಕೆಸರಾಗಿ ಹೊರಬಂತು.

ಟೈಮಿಂಗಿಗೆ, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತು ಹೊಂದಿಸೋಕೆ, ಮಾತ್ರ ಒಂದು ಭಾನುವಾರ ಪೂರ್ತಿ ಬೇಕಾಯಿತು. ಇದರಲ್ಲಿ ಒಂದೊಂದು ಸಿಲಿಂಡರಿಗೂ ಕಿಡಿ ಹಾರಿಸುವ ಒಂದೊಂದು ಪಾಯಿಂಟ್ ಸೆಟ್. ಪ್ಲಗ್ ತೂತಿಗೆ ಡಯಲ್ ಗೇಜ್ ಇಟ್ಟು, ಪಿಸ್ಟನ್ ತನ್ನ ಮೇಲಿನ ತುದಿ ಮುಟ್ಟುವುದಕ್ಕೆ 2 ಮಿ.ಮೀ. ಮುಂಚೆ ಪಾಯಿಂಟ್ ತೆರೆಯುವ ಹಾಗೆ ಎರಡನ್ನೂ ಬೇರೆ ಬೇರೆ ಹೊಂದಿಸಬೇಕು.

ಆಟೋಲ್ಯೂಬ್ ಪಂಪು ಕಿತ್ತುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸು ಅಂತ ಬಹಳ ಮಂದಿ ಹೇಳಿದರು. ನಾನು ಕೇಳಲಿಲ್ಲ. ಥ್ರಾಟಲಿಗೆ ತಕ್ಕಷ್ಟು ಆಯಿಲ್ ಕೊಡುವ ಅಚ್ಚುಕಟ್ಟಾದ ಪಂಪು ಅದು. ಕೊಳವೆಯಲ್ಲಿ ಒಂದೂ ಗಾಳಿಗುಳ್ಳೆ ಉಳಿಯದ ಹಾಗೆ ಬ್ಲೀಡ್ ಮಾಡಿದೆ. ಧೈರ್ಯಕ್ಕೆ ಮೊದಲ ಟ್ಯಾಂಕಿಗೆ ಮಾತ್ರ ಲೀಟರಿಗೆ 25 ಮಿ.ಲೀ. ಆಯಿಲನ್ನೂ ಬೆರೆಸಿದೆ.

ಹೊಸ ಬಣ್ಣ ಹೊಡೆಸಲಿಲ್ಲ. ಹಳೇ ಬಣ್ಣವನ್ನೇ ಪಾಲಿಶ್ ಮಾಡಿದೆ. ಟ್ಯಾಂಕಿನ ಎಡಗಡೆ ಮೊಣಕಾಲು ತಾಗಿ ತಾಗಿ ಬಣ್ಣ ಸವೆದ ಜಾಗ ಒಂದಿದೆ. ಅದು ಆ ತಮ್ಮನ ಮೊಣಕಾಲಿನ ಗುರುತು. ಅದನ್ನು ಮುಚ್ಚೋಕೆ ನನಗೆ ಯಾವ ಹಕ್ಕಿದೆ?

500 ಕಿ.ಮೀ. ತನಕ 4,000 ಆರ್‌ಪಿಎಂ ದಾಟಿಸಲಿಲ್ಲ. ಪ್ಲಗ್ ತೆಗೆದು ನೋಡಿದರೆ ಎರಡೂ ಬಿಸ್ಕತ್ತಿನ ಬಣ್ಣ, ಅಂದರೆ ಪೆಟ್ರೋಲು ಗಾಳಿ ಎರಡೂ ಹದವಾಗಿವೆ ಅಂತ. ಮಾರನೇ ದಿನವೇ ತೋಟಕ್ಕೆ ಹೊರಟೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಯಜಮಾನರು ಜಗುಲಿಯಿಂದ ಇಳಿದು ಅಂಗಳಕ್ಕೆ ಬಂದಾಗಿತ್ತು. ಗಾಡಿ ಆಫ್ ಮಾಡಿದೆ. ಸುತ್ತ ಒಂದು ಸಲ ಬಂದರು. ಟ್ಯಾಂಕಿನ ಆ ಸವೆದ ಜಾಗದ ಮೇಲೆ ಕೈ ಇಟ್ಟರು.

"ಆರನೇ ಗೇರು ಬೀಳುತ್ತೇನಪ್ಪ?"

"ಬೀಳುತ್ತೆ ಸರ್."

"ಅವನು ಇದ್ದಾಗ ನಾನು ಒಂದಿನಾನೂ ಇದರ ಮೇಲೆ ಕೂರ್ಲಿಲ್ಲ, ಭಯ." ಒಳಗೆ ಹೋಗಿ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಬಂದರು. "ಹಾಸನದ ರಸ್ತೆ ತನಕ ಹೋಗಿ ಬರೋಣ, ನಡಿ."